ಮುಟ್ಟಿಸದೆ ಉಳಿದ ಮಾತು

ನಿವೃತ್ತಿಯಾದ ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು, ಸ್ನಾನ ಮಾಡಿ, ಸೀರೆ ಉಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದು ನಿಂತೆ. ಹೋಗಬೇಕಾದ ಜಾಗ ಒಂದೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ರೋಣ ತಾಲೂಕಿನಲ್ಲಿ ಹಳ್ಳಿ ನರ್ಸ್ ಆಗಿದ್ದವಳು ನಾನು. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಸವಡಿ, ಜಕ್ಕಲಿ, ಅಬ್ಬಿಗೇರಿ ಎಂದು ತಿರುಗಿದವಳು. ಮಳೆ ಬಂದರೆ ಎರೆಮಣ್ಣು ಚಪ್ಪಲಿಗೆ ಸೇರು ಸೇರು ಅಂಟಿಕೊಳ್ಳುತ್ತಿತ್ತು. ಅದನ್ನು ಯಾರದೋ ಮನೆಯ ಮುಂದಿನ ಕಲ್ಲಿಗೆ ಉಜ್ಜಿ, ಒಳಗೆ ಹೋಗಿ, ಬಾಣಂತಿಯ ನಾಡಿ ಹಿಡಿದು ನೋಡಿ, ಮತ್ತೆ ನಡೆಯುವುದು. ಹಾಗೆ ನಡೆದ ಕಾಲಿಗೆ ಇನ್ನು ಸುಮ್ಮನಿರು ಎಂದರೆ ಅದು ಕೇಳಬೇಕಲ್ಲ.

ನನ್ನ ಯಜಮಾನರು ರೋಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟವರು. ಮಾತು ಕಡಿಮೆ. ಅಂದು ನನ್ನನ್ನು ಬಾಗಿಲಲ್ಲಿ ನೋಡಿ, "ಕುಂದ್ರ ಸ್ವಲ್ಪ. ಚಾ ಕುಡಿ," ಅಂದರು.

"ಕುಂತ್ರ ಮೈಯೆಲ್ಲ ಇರಿವಿ ಹರದಂಗ ಆಕ್ಕೇತಿ," ಅಂದೆ.

ಆರು ತಿಂಗಳು ಹಾಗೇ ಕಳೆಯಿತು. ಅಡುಗೆಮನೆಯ ಡಬ್ಬಿಗಳನ್ನು ಇಳಿಸಿ ಏರಿಸಿದೆ. ನೆರೆಮನೆಯವರ ಬಿಪಿ ನೋಡಿದೆ, ಬೇಡವೆಂದವರದನ್ನೂ ನೋಡಿದೆ. ಮಧ್ಯಾಹ್ನ ಮಲಗಿದರೆ ಥಟ್ಟನೆ ಎದ್ದು ಕೂರುತ್ತಿದ್ದೆ, ಯಾವುದೋ ಮಗುವಿಗೆ ಚುಚ್ಚುಮದ್ದು ಹಾಕುವುದು ಮರೆತ ಹಾಗೆ.

ಬಸುರಿ ಮಗಳ ಕುಬಸಕ್ಕೆ ಸೀರೆ ತರಲು ಗಜೇಂದ್ರಗಡಕ್ಕೆ ಹೋದದ್ದು ಆಗಲೇ. ನೇಕಾರರ ಮನೆಯಲ್ಲಿ ಸೀರೆ ಆರಿಸಿದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಬಸ್ಸಿಗೆ ಎರಡು ತಾಸು ಇತ್ತು. ಬಸ್ ನಿಲ್ದಾಣದಲ್ಲಿ ಕೂರಲಾರದೆ, ಸೀರೆಯ ಡಬ್ಬಿ ಬಗಲಲ್ಲಿ ಇಟ್ಟುಕೊಂಡೇ ಗುಡ್ಡ ಹತ್ತಿ ಕೋಟೆಗೆ ಹೋದೆ. ಅಷ್ಟು ವರ್ಷ ಆ ಗುಡ್ಡವನ್ನು ಕೆಳಗಿನಿಂದ ನೋಡಿದ್ದೆನೇ ಹೊರತು ಹತ್ತಿರಲಿಲ್ಲ. ಮೇಲೆ ಗಾಳಿ ವಿಪರೀತ. ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬಂಡೆಯಲ್ಲಿ ಕೊರೆದ ಒಂದು ನೀರಿನ ಹೊಂಡ, ಅದರಾಚೆ ಗೋಡೆಯಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ ಬಾಗಿಲು. ದೊಡ್ಡ ಬಾಗಿಲಿನಿಂದ ಸೈನ್ಯ ಹೋಗಿರಬಹುದು, ಇಲ್ಲಿಂದ ಯಾರು ಹೋಗುತ್ತಿದ್ದರು ಎಂದು ಯೋಚಿಸುತ್ತ ನಿಂತೆ. ಸೂಲಗಿತ್ತಿ ಹೋಗಿರಬೇಕು ಅನ್ನಿಸಿತು. ಹೆರಿಗೆ ನೋವಿಗೆ ಕೋಟೆಯ ಮುತ್ತಿಗೆ ಗೊತ್ತಿರುವುದಿಲ್ಲ.

ಮರಳುವಾಗ ಬಸ್ಸಿನಲ್ಲಿ ಕಂಡಕ್ಟರನ ಪೆನ್ನು ಇಸಿದುಕೊಂಡು ಸೀರೆಯ ಡಬ್ಬಿಯ ಮೇಲೆ ಒಂದು ಸಾಲು ಬರೆದೆ: "ಅವಳು ನೀರಿಗೆ ಬಂದಾಗ ದಿಡ್ಡಿ ಬಾಗಿಲು ತೆರೆದೇ ಇತ್ತು." ರೋಣ ಬರುವಷ್ಟರಲ್ಲಿ ಡಬ್ಬಿಯ ನಾಲ್ಕೂ ಬದಿ ತುಂಬಿತ್ತು. ಮಗಳು ಆ ಡಬ್ಬಿ ನೋಡಿ, "ಏನವ್ವಾ ಇದು, ಸೀರಿ ಮ್ಯಾಲ ಪುರಾಣ," ಎಂದು ನಕ್ಕಳು.

ಕಥೆ ಓದುವ ಚಟ ಮೊದಲಿನಿಂದಲೂ ಇತ್ತು. ಉಪಕೇಂದ್ರದಲ್ಲಿ ಯಾರೂ ಬಾರದ ಮಧ್ಯಾಹ್ನಗಳಲ್ಲಿ ವಾರಪತ್ರಿಕೆಯ ಪ್ರೇಮ ಧಾರಾವಾಹಿಗಳನ್ನು ತಿಂಗಳ ವರದಿಯ ಕೆಳಗಿಟ್ಟುಕೊಂಡು ಓದುತ್ತಿದ್ದೆ. ಬರೆದದ್ದು ಮಾತ್ರ ವರದಿಯೊಂದೇ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ನೋಟುಬುಕ್ಕು ಇಟ್ಟು ನಿಂತೇ ಬರೆಯತೊಡಗಿದೆ. ಒಂದು ಪುಟ ಬರೆದರೆ ಹಿತ್ತಿಲಿಗೆ ಹೋಗಿ ಬರುವುದು, ಇನ್ನೊಂದು ಬರೆದರೆ ಬೀದಿಯ ಕೊನೆಯ ತನಕ. ಮುನ್ನೂರು ವರ್ಷದ ಹಿಂದಿನ ಕಥೆ. ಗಜೇಂದ್ರಗಡದ ಕೋಟೆಯಲ್ಲಿ ಕುದುರೆ ಲಾಯ ನೋಡಿಕೊಳ್ಳುವವನ ಮಗಳು. ನರಗುಂದದ ಕೋಟೆಯಿಂದ ಓಲೆ ತರುವ ಸವಾರ. ಇಬ್ಬರ ನಡುವೆ ಮಾತು ಮುಟ್ಟಿಸುವ ಒಬ್ಬ ಸೂಲಗಿತ್ತಿ.

ಯಜಮಾನರು ಒಂದು ದಿನ ಕೈಯ ಗ್ರೀಸು ಒರೆಸಿಕೊಳ್ಳುತ್ತ ನೋಟುಬುಕ್ಕಿನಲ್ಲಿ ಇಣುಕಿದರು.

"ಈ ವಯಸ್ಸಿನ್ಯಾಗ ಪ್ರೀತಿ-ಪ್ರೇಮ ಬರೀತೀಯಲ್ಲ, ಮಂದಿ ಏನಂದಾರು?"

"ಮಂದಿಗೆ ಹೆರಿಗಿ ಮಾಡಿಸಿದಾಕಿ ನಾ. ಅವರು ಹ್ಯಾಂಗ ಹುಟ್ಯಾರ ಅಂತ ನನಗ ಗೊತ್ತಿಲ್ಲೇನು?"

ಅವರು ಇನ್ನೊಂದು ಪುಟ ತಿರುವಿ, "ನರಗುಂದದಿಂದ ಗಜೇಂದ್ರಗಡಕ್ಕ ಕುದುರಿ ಒಂದ ಹಗಲಿನ್ಯಾಗ ಬರತೈತೇನು? ನೀರ ಎಲ್ಲಿ ಕುಡಸ್ತಾನ?" ಅಂದರು. ಮುಂದಿನ ಭಾನುವಾರ ಮೋಟರ್ ಸೈಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಂಡು ನರಗುಂದಕ್ಕೆ ಹೊರಟರು. ದಾರಿಯಲ್ಲಿ ಹಳ್ಳ ಕಂಡಲ್ಲೆಲ್ಲ ನಿಲ್ಲಿಸಿ, "ಇಲ್ಲಿ ಕುಡಸಬಹುದು," ಎನ್ನುವರು. ನರಗುಂದದ ಗುಡ್ಡ ಹತ್ತುವಾಗ ಅವರಿಗೆ ದಮ್ಮು ಹತ್ತಿತು, ನನಗೆ ಹತ್ತಲಿಲ್ಲ.

ಅಲ್ಲಿ ಇತಿಹಾಸ ಕಲಿಸುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು ಸಿಕ್ಕರು. ನನ್ನ ಬರಹವನ್ನು ಒಂದು ವಾರ ಇಟ್ಟುಕೊಂಡು ಓದಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮರಳಿ ಕೊಟ್ಟರು.

"ನಿಮ್ಮ ನಾಯಕಿ ಸವಾರಗ ಶೇಂಗಾ ಹೋಳಗಿ ಕಟ್ಟಿ ಕೊಟ್ಟಾಳಲ್ರಿ. ಆವಾಗ ನಮ್ಮ ಕಡೆ ಶೇಂಗಾ ಎಲ್ಲಿತ್ರಿ?"

"ಇರಲಿಲ್ಲೇನ್ರಿ?"

"ಅದು ಭಾಳ ಆಮ್ಯಾಲ ಬಂದದ್ದು. ಎಳ್ಳು ಹಾಕ್ರಿ."

ಎಳ್ಳು ಹಾಕಿದೆ. ಬೇರೆ ಹನ್ನೊಂದು ಕಡೆ ತಿದ್ದಿದೆ. ಎಂಟು ತಿಂಗಳಿಗೆ ಮುಗಿಯಿತು. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಕಳಿಸಿದೆ. ಎರಡು ತಿಂಗಳ ಮೇಲೆ ಸಂಪಾದಕರ ಪತ್ರ ಬಂತು. ಕೋಟೆ ಚೆನ್ನಾಗಿದೆ, ಕುದುರೆ ಚೆನ್ನಾಗಿದೆ, ಊಟ ಚೆನ್ನಾಗಿದೆ. ಆದರೆ ನಿಮ್ಮ ಪ್ರೇಮಿಗಳು ಆರೋಗ್ಯ ಸಮೀಕ್ಷೆಗೆ ಉತ್ತರ ಕೊಡುವವರ ಹಾಗೆ ಮಾತಾಡುತ್ತಾರೆ ಎಂದು ಬರೆದಿದ್ದರು. ನನ್ನ ಕೆಲಸ ಏನಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಯಜಮಾನರು ಆ ಪತ್ರ ಓದಿ ನಗು ತಡೆಯಲಾರದೆ ಅಂಗಡಿಗೆ ಹೋದರು. ನನಗೆ ನಗು ಬರಲಿಲ್ಲ. ಅವತ್ತು ರೋಣದಿಂದ ಸವಡಿಯ ರಸ್ತೆ ಹಿಡಿದು ಎಷ್ಟು ದೂರ ನಡೆದೆನೋ, ಕಡಲೆ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು, "ಬಾಯಾರ, ಯಾರ ಮನ್ಯಾಗ ಬ್ಯಾನಿ ಹತ್ತೇತ್ರಿ?" ಎಂದು ಕೂಗಿ ಕೇಳಿದರು, ನಾನಿನ್ನೂ ಹೆರಿಗೆಗೆ ಓಡಾಡುವ ನರ್ಸಬಾಯಿ ಎಂದುಕೊಂಡು.

ಆ ನಡಿಗೆಯಲ್ಲಿಯೇ ಒಬ್ಬ ಹುಡುಗಿಯ ನೆನಪು ಬಂತು. ಬಂತು ಅನ್ನುವುದು ಸುಳ್ಳು. ಮೂವತ್ತು ವರ್ಷದಿಂದ ಅದು ಅಲ್ಲೇ ಇತ್ತು. ಅವತ್ತು ಅದನ್ನು ಬಳಸಿಕೊಳ್ಳಬಹುದು ಎಂದು ಹೊಳೆಯಿತು, ಅಷ್ಟೇ.

ನಾನಾಗ ಕೆಲಸಕ್ಕೆ ಸೇರಿ ಐದಾರು ವರ್ಷ. ಊರಿನ ಹೆಸರು ಬರೆಯುವುದಿಲ್ಲ. ಸವಡಿಯಲ್ಲ, ಜಕ್ಕಲಿಯಲ್ಲ, ಅಬ್ಬಿಗೇರಿಯೂ ಅಲ್ಲ. ಕೂಲಿಯವರ ಮನೆಯ ಹತ್ತೊಂಬತ್ತರ ಹುಡುಗಿಯೊಬ್ಬಳು ಪ್ರತಿ ಗುರುವಾರ ಹೊಟ್ಟೆನೋವೆಂದು ಉಪಕೇಂದ್ರಕ್ಕೆ ಬರುತ್ತಿದ್ದಳು. ಎದುರಿಗೆ ಕಿರಾಣಿ ಅಂಗಡಿ. ಗುರುವಾರ ಅಲ್ಲಿಗೆ ನರಗುಂದದಿಂದ ಸಾಮಾನಿನ ಟೆಂಪೋ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವನು ನರಗುಂದದವನೇ, ಬೇರೆ ಕುಲದವನು. ಚೀಲ ಇಳಿಸಿದ ಮೇಲೆ ನೀರು ಕುಡಿಯಲೆಂದು ಉಪಕೇಂದ್ರದ ಕಟ್ಟೆಗೆ ಬರುವನು. ಅವಳು ಬಂದಿರದಿದ್ದರೆ ಕಿಟಕಿಯ ಕೆಳಗೆ ಮೂರು ಸಣ್ಣ ಕಲ್ಲಿನ ಹರಳು ಇಟ್ಟು ಹೋಗುವನು: ಬಂದಿದ್ದೆ ಎಂದು ಅರ್ಥ. ಅವಳು ಆ ಹರಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. ಇಬ್ಬರೂ ನಿಂತು ಮಾತಾಡುತ್ತಿದ್ದದ್ದು ಹತ್ತು ನಿಮಿಷ ಇರಬಹುದು, ಅದೂ ಜೋಳದ ರೇಟು, ಬಸ್ಸಿನ ವೇಳೆ, ಇಂಥವು. ಹೊಟ್ಟೆಯಲ್ಲಿ ನೋವಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅವಳ ಮನೆಯವರಿಗೆ ತೋರಿಸಲು ಇರಲಿ ಎಂದು ವಿಟಮಿನ್ ಗುಳಿಗೆ ಕಟ್ಟಿಕೊಡುತ್ತಿದ್ದೆ.

ಆ ಹುಡುಗಿಯನ್ನು ಲಾಯದವನ ಮಗಳನ್ನಾಗಿ ಮಾಡಿದೆ. ಹರಳುಗಳು ನೀರಿನ ಹೊಂಡದ ಮೆಟ್ಟಿಲ ಮೇಲೆ ಬಂದವು. ಗುಳಿಗೆ ಸೂಲಗಿತ್ತಿಯ ಬೇರಿನ ಕಷಾಯವಾಯಿತು. ಪ್ರೇಮಿಗಳು ಮಳೆ, ಮೇವು, ಕುದುರೆಯ ಲಾಳದ ಬಗ್ಗೆ ಮಾತಾಡಿದರು, ಬೇರೇನೂ ಇಲ್ಲ. ಕೊನೆಯಲ್ಲಿ ಸೂಲಗಿತ್ತಿ ಮುತ್ತಿಗೆಯ ನಡುವೆ ದಿಡ್ಡಿ ಬಾಗಿಲಿನಿಂದ ನುಸುಳಿ ಸವಾರನ ಮಾತನ್ನು ಹುಡುಗಿಗೆ ಮುಟ್ಟಿಸುತ್ತಾಳೆ; ಆ ಹೊತ್ತಿಗಾಗಲೇ ಸವಾರ ಯುದ್ಧದಲ್ಲಿ ಬಿದ್ದಿರುತ್ತಾನೆ. ಮರಳಿ ಕಳಿಸಿದೆ. ಈ ಸಲ ಸಂಪಾದಕರು ಪತ್ರ ಬರೆಯಲಿಲ್ಲ, ಫೋನೇ ಮಾಡಿದರು. ಧಾರಾವಾಹಿಯಾಗಿ ಹಾಕುತ್ತೇವೆ ಅಂದರು.

ಪತ್ರಿಕೆಯಲ್ಲಿ ನನ್ನ ಹೆಸರು, ಅದರ ಕೆಳಗೆ ರೋಣ ಎಂದು ಅಚ್ಚಾಗಿ ಬಂದಾಗ ನನಗೆ ಅರವತ್ತೆರಡು ತುಂಬಿತ್ತು. ಯಜಮಾನರು ಅಂಗಡಿಯಲ್ಲಿ ಹತ್ತು ಪ್ರತಿ ಇಟ್ಟುಕೊಂಡು, ಟ್ರ್ಯಾಕ್ಟರ್ ರಿಪೇರಿಗೆ ಬಂದವರಿಗೆ ಕೊಡತೊಡಗಿದರು. ಕಿರಾಣಿ ಅಂಗಡಿಯಲ್ಲಿ ಹೆಂಗಸರು ನನ್ನನ್ನು ತಡೆದು, "ಬಾಯಾರ, ಆ ಸೂಲಗಿತ್ತಿ ಅಂದ್ರ ನೀವೇ ಹೌದಿಲ್ರಿ?" ಎಂದು ಕೇಳುವರು. ನಾನು ನಕ್ಕು ಮುಂದೆ ನಡೆಯುತ್ತಿದ್ದೆ. ಆ ನಗು ಮನೆಯ ತನಕ ಬರುತ್ತಿರಲಿಲ್ಲ. ಹೆಸರು ಬಂತು, ಸಂತೋಷ ಪಡಬೇಕು, ಆದರೆ ನಿವೃತ್ತಿಯ ಮೊದಲ ತಿಂಗಳುಗಳಿಗಿಂತ ಹೆಚ್ಚು ಚಡಪಡಿಕೆ. ಪ್ರತಿ ವಾರ ಪತ್ರಿಕೆ ಬಂದ ದಿನ ಊಟ ಸೇರುತ್ತಿರಲಿಲ್ಲ.

ಇನ್ನು ನಾಲ್ಕು ಕಂತು ಇದ್ದವು. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಸುಮಾರು, ತೆಳ್ಳಗೆ, ಕೈಯಲ್ಲಿ ಹೆಸರುಕಾಳಿನ ಚೀಲ. ಮುಖದ ಗುರುತು ಹತ್ತಲಿಲ್ಲ. ಕಣ್ಣು ನೋಡಿದ ಮೇಲೆ ಹತ್ತಿತು.

"ಗುರುತು ಸಿಕ್ತೇನ್ರಿ ಬಾಯಾರ?"

"ಬಾ," ಅಂದೆ.

ಅವಳು ಒಳಗೆ ಬಂದು ನೆಲದ ಮೇಲೆ ಕೂತಳು, ಕುರ್ಚಿ ಬೇಡವೆಂದಳು. ತನ್ನ ಸುದ್ದಿಯನ್ನು ತಾನೇ ಹೇಳಿದಳು. ಅಬ್ಬಿಗೇರಿ ಕಡೆಯ ಮನೆತನಕ್ಕೆ ಕೊಟ್ಟಿದ್ದರು. ಗಂಡ ಹೆಂಡಿರು ವರ್ಷದಲ್ಲಿ ಎಂಟು ತಿಂಗಳು ಗೋವಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದರು. ಗಂಡ ಒಳ್ಳೆಯವನು, ತೀರಿಕೊಂಡು ನಾಲ್ಕು ವರ್ಷ. ಈಗ ಮಗ ಸೊಸೆಯ ಜೊತೆ ಊರಲ್ಲೇ ಇದ್ದಾಳೆ. ತನಗೆ ಓದಲು ಬರುವುದಿಲ್ಲ. ಪ್ರತಿ ವಾರ ಸೊಸೆ ಗಟ್ಟಿಯಾಗಿ ಓದುತ್ತಾಳೆ.

"ಹರಳು ಬಂತಲ್ರಿ," ಅಂದಳು. "ಮೂರು. ಸೊಸಿ ಓದಾಕತ್ತಿದ್ಲು, ನನ್ನ ಕೈಯಾಗಿನ ರೊಟ್ಟಿ ಹಿಟ್ಟು ಅಲ್ಲೇ ನಿಂತು ಹೋತು. ಆದರ ಆಕೀಗೆ ನಾ ಏನೂ ಹೇಳಿಲ್ಲ."

"ತಪ್ಪಾತು," ಅಂದೆ. "ನಿನ್ನ ಕೇಳಬೇಕಾಗಿತ್ತು. ಬೈದರ ಬೈ."

"ಬೈಯಾಕ ಬಂದಿಲ್ರಿ. ಒಂದ ಮಾತು ಕೇಳಾಕ ಬಂದೇನಿ. ಆ ಸವಾರನ್ನ ಕಡೀಕ ಏನ ಮಾಡ್ತೀರಿ?"

ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ. "ಸಾಯ್ತಾನ."

ಅವಳ ಮುಖ ಸಡಿಲವಾಯಿತು. "ಚಲೋ ಆತ್ರಿ. ಸತ್ತನಂದ್ರ ಬರಲಿಲ್ಲ ಅನ್ನಾಕ ಒಂದು ಕಾರಣ ಸಿಕ್ಕಂಗ ಆತು. ನನ್ನ ಮನ್ಯಾಗ ಕೂಡಿ ಹಾಕಿದ ಮ್ಯಾಲ ನನ್ನಾಂವ ಬರಲೂ ಇಲ್ಲ, ಹೇಳಿ ಕಳಿಸಲೂ ಇಲ್ಲ. ಯಾಕಂತ ಇವತ್ತಿಗೂ ಗೊತ್ತಾಗಲಿಲ್ಲ." ಮತ್ತೆ ಅಂದಳು: "ನಿಮ್ಮ ಸೂಲಗಿತ್ತಿ ಭಾಳ ದೊಡ್ಡಾಕಿರಿ. ಜೀವದ ಹಂಗ ಬಿಟ್ಟು ಮಾತು ಮುಟ್ಟಸ್ತಾಳಂತ ಸೊಸಿ ಅಂತಿರ್ತಾಳ."

ನಾನು ಎದ್ದು ನಿಂತೆ. ಅಡುಗೆಮನೆಗೆ ಹೋದೆ, ನೀರಿನ ತಂಬಿಗೆ ಮುಟ್ಟಿದೆ, ಮತ್ತೆ ಹೊರಗೆ ಬಂದೆ. ಮೂವತ್ತು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು, ಯಜಮಾನರಿಗೂ ಹೇಳದ್ದನ್ನು, ನಿಂತುಕೊಂಡೇ ಹೇಳಿದೆ.

ಅವಳ ಮದುವೆಗೆ ಹತ್ತು ದಿನ ಇದ್ದಾಗ ಅವನು ಬಂದಿದ್ದ. ಟೆಂಪೋ ಇಲ್ಲದೆ, ಬಸ್ಸಿನಲ್ಲಿ, ಒಗೆದ ಅಂಗಿ ಹಾಕಿಕೊಂಡು. ಅವಳನ್ನು ಆಗಲೇ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. "ಸೋಮವಾರ ನರಗುಂದ ಬಸ್ ಸ್ಟ್ಯಾಂಡಿನ್ಯಾಗ ಕಾಯ್ತೀನಿ ಅಂತ ಹೇಳ್ರಿ. ಸಂಜಿ ತನಕ ಕಾಯ್ತೀನಿ," ಅಂದ. ಹೇಳುತ್ತೇನೆ ಅಂದೆ. ಅದೇ ಸಂಜೆ ಅವಳ ಮನೆಯ ಮುಂದೆ ಹೋಗಿದ್ದೆ ಕೂಡ. ಅವಳ ಅಣ್ಣಂದಿರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದ ಮನೆಯ ಕೂಸಿನ ತೂಕ ನೋಡಿ ಮರಳಿ ಬಂದೆ. ಮರುದಿನ ಹೋಗಬಹುದಿತ್ತು. ಅದರ ಮರುದಿನವೂ ಹೋಗಬಹುದಿತ್ತು. ಇಬ್ಬರನ್ನೂ ಕಡಿದು ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಖರೆ ಇರಬಹುದು. ಆದರೆ ಕೆಲಸ ಹೋಗುತ್ತದೆ, ಊರಲ್ಲಿ ಕಾಲಿಡಲು ಬಿಡುವುದಿಲ್ಲ ಎಂಬ ಹೆದರಿಕೆಯೂ ಅಷ್ಟೇ ಖರೆ. ಸೋಮವಾರ ಬಂತು, ಹೋಯಿತು.

"ಅಂವ ಕಾದಾನ," ಅಂದೆ. "ನಾ ನಿನಗ ಹೇಳಲಿಲ್ಲ."

ಅವಳು ನನ್ನನ್ನು ನೋಡಲಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ಆಮೇಲೆ ಗೋಡೆ ಹಿಡಿದು ಎದ್ದಳು, ಚಪ್ಪಲಿ ಮೆಟ್ಟಿದಳು, ಹೊರಟೇ ಹೋದಳು. ಹೆಸರುಕಾಳಿನ ಚೀಲ ಅಲ್ಲೇ ಉಳಿದಿತ್ತು. ಮರೆತಳೋ ಬಿಟ್ಟಳೋ ಗೊತ್ತಿಲ್ಲ. ನಾನು ಅದನ್ನು ಮುಟ್ಟಲಿಲ್ಲ. ಸಂಜೆ ಯಜಮಾನರು ಬಂದು, "ಇದ್ಯಾರು ತಂದ್ರು?" ಎಂದಾಗ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಅಂದರು: "ಹಂಗಾರ ಆ ಕಥಿ ಸುಳ್ಳ ಬರದೀಯಲ್ಲ."

ಅದು ಬೈಗುಳವಲ್ಲ. ಗಾಡಿಯ ಶಬ್ದ ಕೇಳಿ ಕೆಟ್ಟದ್ದು ಈ ಬೇರಿಂಗು ಎನ್ನುವ ಧಾಟಿ.

ಮರುದಿನ ಸಂಪಾದಕರಿಗೆ ಫೋನ್ ಮಾಡಿ, ಕೊನೆಯ ಕಂತುಗಳನ್ನು ಬೇರೆ ಬರೆದು ಕೊಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಚಿತ್ರಗಳೂ ತಯಾರಾಗಿದ್ದವು.

"ಓದುವವ್ರಿಗೆ ಸೂಲಗಿತ್ತಿ ಅಂದ್ರ ಪ್ರಾಣ ಆಗೇತ್ರಿ ಬಾಯಾರ. ಆಕೀನ್ನ ಕೆಟ್ಟಾಕಿ ಮಾಡಬ್ಯಾಡ್ರಿ."

"ಕೆಟ್ಟಾಕಿ ಮಾಡಂಗಿಲ್ರಿ. ಅಂಜಿದಾಕಿ ಮಾಡ್ತೀನಿ. ಇಲ್ಲಾಂದ್ರ ಅಲ್ಲಿಗೇ ನಿಲ್ಲಿಸಿಬಿಡ್ರಿ."

ಗೊಣಗುತ್ತ ಒಂದು ವಾರ ಕೊಟ್ಟರು. ಆ ವಾರ ನಾನು ಮನೆಯಲ್ಲಿ ನಿಂತದ್ದು ಕಡಿಮೆ. ನೋಟುಬುಕ್ಕು ಕೈಚೀಲದಲ್ಲಿ ಹಾಕಿಕೊಂಡು ನಡೆಯುವುದು, ಯಾವುದಾದರೂ ಗುಡಿಯ ಕಟ್ಟೆ ಸಿಕ್ಕರೆ ನಾಲ್ಕು ಸಾಲು ಬರೆಯುವುದು. ಸೂಲಗಿತ್ತಿ ದಿಡ್ಡಿ ಬಾಗಿಲಿನ ತನಕ ಹೋಗಿ, ಕಾವಲಿನವರನ್ನು ನೋಡಿ, ಹಿಂದಿರುಗುತ್ತಾಳೆ. ಸವಾರ ಗುಡ್ಡದ ಕೆಳಗೆ ಸಂಜೆಯ ತನಕ ಕಾದು ಕುದುರೆ ತಿರುಗಿಸುತ್ತಾನೆ. ಅವನು ಸಾಯುವುದಿಲ್ಲ. ಹುಡುಗಿಗೆ ಬೇರೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಅವೂ ಅದೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟುತ್ತವೆ. ಮುದುಕಿಯಾದ ಮೇಲೆ ಸೂಲಗಿತ್ತಿ ಅವಳ ಮುಂದೆ ನಿಂತು ನಡೆದದ್ದನ್ನು ಹೇಳುತ್ತಾಳೆ. ಅದಕ್ಕೆ ಅವಳು ಏನಂದಳೋ ನನಗೆ ಗೊತ್ತಿರಲಿಲ್ಲ. ಕಥೆಯನ್ನು ಅಲ್ಲಿಗೇ ಬಿಟ್ಟೆ.

ಓದುಗರು ಸಿಟ್ಟಾದರು. ಪತ್ರಿಕೆಗೆ ಬಂದ ಪತ್ರಗಳನ್ನು ಸಂಪಾದಕರು ಒಂದು ಲಕೋಟೆಯಲ್ಲಿ ಹಾಕಿ ನನಗೇ ಕಳಿಸಿದರು. ಇಷ್ಟು ವಾರ ಓದಿಸಿ ಕೊನೆಗೆ ಬಾಯಿ ಮುಚ್ಚಿದಿರಲ್ಲ ಎಂದು ಒಬ್ಬರು ಬರೆದಿದ್ದರು. ನರಗುಂದದ ಮಾಸ್ತರರು ಮಾತ್ರ ಕಾರ್ಡು ಬರೆದು, ಕಾವಲಿನ ವಿವರ ಸರಿಯಿದೆ ಎಂದು ತಿಳಿಸಿದರು.

ಕೊನೆಯ ಕಂತು ಬಂದು ಮೂರು ವಾರದ ಮೇಲೆ, ಮಧ್ಯಾಹ್ನ ಫೋನು ಬಂತು. ಅದೇ ಹೆಂಗಸು, ಸೊಸೆಯ ಫೋನಿನಿಂದ ಮಾತಾಡುತ್ತಿದ್ದಳು. ಹಿಂದೆ ಗಾಳಿಯ ಸದ್ದು, ಹೊಲದಲ್ಲಿ ಇದ್ದಿರಬೇಕು.

"ಎಲ್ಲಾ ಓದಿಸ್ಕೊಂಡ್ನಿರಿ. ಎರಡ ಸಲ."

ನಾನು ಫೋನು ಹಿಡಿದು ಹಿತ್ತಿಲಿಗೆ ಹೋದೆ.

"ಅಂವ ಕಾದಿದ್ದ ಅಂದ್ರಲ್ರಿ. ಮೊದಲಿಗೆ ನಿಮ್ಮ ಮ್ಯಾಲ ಭಾಳ ಸಿಟ್ಟು ಬಂತು. ಆಮ್ಯಾಲ ವಿಚಾರ ಮಾಡಿದ್ನಿ. ನೀವು ಹೇಳಿದ್ರೂ ನಾ ಹೋಗತಿರಲಿಲ್ಲ ಅನಸ್ತೈತಿ. ನಮ್ಮವ್ವನ ಬಿಟ್ಟು ಹೋಗೂ ಧೈರ್ಯ ನನಗಿರಲಿಲ್ಲ. ಆದರ ಹೋಗೂದಿಲ್ಲ ಅಂತ ನಾ ಅನ್ನಬೇಕಾಗಿತ್ರಿ. ಅದು ನನ್ನ ಮಾತು. ನೀವು ಅದನ್ನ ನನ್ನ ಬಾಯಾಗಿಂದ ಕಸಗೊಂಡ್ರಿ."

"ಹೌದು," ಅಂದೆ.

"ಅಷ್ಟ ಹೇಳೂದಿತ್ರಿ."

ಫೋನು ಇಡುತ್ತಾಳೆ ಎಂದು ತಿಳಿದು ಗಡಬಡಿಸಿ ಕೇಳಿದೆ: "ಈಗ ಅಂದಿಯಲ್ಲ, ಇದನ್ನ ಪುಸ್ತಕದಾಗ ಹಾಕಲೇನು? ಬ್ಯಾಡಂದ್ರ ಬಿಡತೀನಿ."

ಅವಳು ನಕ್ಕಳೋ ಉಸಿರು ಬಿಟ್ಟಳೋ ಫೋನಿನಲ್ಲಿ ತಿಳಿಯಲಿಲ್ಲ. "ಹಾಕ್ರಿ. ಈ ಸಲ ಕೇಳೀರಲ್ಲ. ಊರ ಹೆಸರು ಹಾಕಬ್ಯಾಡ್ರಿ."

ಕಳೆದ ವರ್ಷ ಅದು ಪುಸ್ತಕವಾಯಿತು. ಅವಳ ಮಾತನ್ನು ಒಂದಕ್ಷರ ಬದಲಿಸದೆ ಲಾಯದವನ ಮಗಳ ಬಾಯಿಂದ ಆಡಿಸಿದ್ದೇನೆ. ಒಂದು ಪ್ರತಿ ಕಳಿಸಿದೆ. ಮುಟ್ಟಿತು ಎಂದು ಸೊಸೆ ಹೇಳಿದಳು. ಅವಳು ಮತ್ತೆ ನಮ್ಮ ಮನೆಗೆ ಬಂದಿಲ್ಲ, ನಾನೂ ಹೋಗಿಲ್ಲ. ನಾವು ಗೆಳತಿಯರಾದೆವು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು, ಆದರೆ ಆಗಲಿಲ್ಲ. ಇದನ್ನು ಬರೆಯುವ ಮುಂಚೆ ಫೋನ್ ಮಾಡಿ ಕೇಳಿದೆ. "ಬರೀರಿ," ಅಂದಳು, ಅಷ್ಟೇ.

ಈಗ ಸಂಪಾದಕರು ಎರಡನೆಯ ಕಾದಂಬರಿ ಕೇಳುತ್ತಿದ್ದಾರೆ. ಗಜೇಂದ್ರಗಡದಲ್ಲಿ ಒಬ್ಬ ನೇಕಾರ ಹೆಂಗಸಿದ್ದಾಳೆ. ಅವಳ ಮುತ್ತಜ್ಜಿ ಮದುವೆಯ ಸೀರೆಯನ್ನು ಮಗ್ಗದಲ್ಲೇ ಬಿಟ್ಟು ಒಬ್ಬನ ಹಿಂದೆ ನಡೆದಳೆಂದು ಓಣಿಯಲ್ಲಿ ಹೇಳುತ್ತಾರೆ. ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಮೊದಲ ಅಧ್ಯಾಯ ತಲೆಯಲ್ಲಿ ತಾನೇ ಬರೆದುಕೊಳ್ಳುತ್ತಿದೆ. ಆದರೂ ಕಾಗದ ಮುಟ್ಟುವ ಮೊದಲು ಹೋದ ಮಂಗಳವಾರ ಬಸ್ಸು ಹಿಡಿದು ಅವಳ ಮನೆಗೆ ಹೋದೆ. ಮಗ್ಗ ನಿಲ್ಲಿಸಿ, ಚಹಾ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿದಳು.

"ಬ್ಯಾಡ್ರಿ ಬಾಯಾರ," ಅಂದಳು. "ಅದು ನಮ್ಮ ಮನೀದು."

ಹೌದು ಅಂದೆ. ಚಹಾ ಪೂರ್ತಿ ಕುಡಿದೆ. ರೋಣದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು, ನಡೆಯುತ್ತ ಹೊರಟೆ.